ಹೊರದೇಶದ ಆಡಿಯೊ ಸೆಟ್ಟು, ನಮ್ಮೂರ ಕರೆಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಕೆಜಿಎಫ್, ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು. ಈ ಕಡೆಯಿಂದ ಬರುವ ಫೋನುಗಳಲ್ಲಿ, ಕಾಗದಗಳಲ್ಲಿ, ರಿಪೇರಿ ಬೆಂಚಿನ ಮುಂದೆ ನಿಂತು ಆಡುವ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪುಸ್ತಕದಲ್ಲಿರುವ 230 ವೋಲ್ಟ್ ಬೇರೆ, ನಿಮ್ಮ ಮನೆಯ ಗೋಡೆಯಲ್ಲಿ ರಾತ್ರಿ ಹನ್ನೊಂದಕ್ಕೆ ಇರುವ ವೋಲ್ಟ್ ಬೇರೆ. ಹೊರದೇಶದ ಸೆಟ್ಟು ಉಳಿಯುವುದು, ಸುಡುವುದು ಈ ಎರಡನೆಯದರ ಮೇಲೆ ನಿಂತಿದೆ.

## ಮೊದಲು ತಿಳಿಯಬೇಕಾದದ್ದು

ಮಗ ಅಮೆರಿಕದಿಂದ ಆಂಪ್ಲಿಫೈಯರ್ ತಂದಿದ್ದಾನೆ. ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಪ್ಲಗ್ ಮಾಡಬಹುದಾ?

ಬೇಡ. ಐವತ್ತು ರೂಪಾಯಿಯ ಆ ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ. ವೋಲ್ಟೇಜನ್ನು ಮುಟ್ಟುವುದೇ ಇಲ್ಲ. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, 60 ಹರ್ಟ್ಜ್ ಕರೆಂಟು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಹೆಚ್ಚುಕಡಿಮೆ ಎರಡರಷ್ಟು. ಪಿನ್ನು ತೂತಿನೊಳಗೆ ಸರಿಯಾಗಿ ಕೂತಿತು ಅಂದ ಮಾತ್ರಕ್ಕೆ ಕರೆಂಟು ಹೊಂದಿಕೊಂಡಿತು ಅಂತಲ್ಲ. ಮೊದಲು ಸೆಟ್ಟನ್ನು ತಿರುಗಿಸಿ ಹಿಂದಿನ ಲೇಬಲ್ ಓದಿ.

ಲೇಬಲ್ ಮೇಲೆ ಏನೇನೋ ಬರೆದಿದೆ. ಅದರಲ್ಲಿ ಯಾವುದನ್ನು ನೋಡಬೇಕು?

ಮೂರು ಅಂಕಿಗಳು ಸಾಕು: ವೋಲ್ಟ್, ಹರ್ಟ್ಜ್, ವ್ಯಾಟ್.

ವೋಲ್ಟ್ ಜಾಗದಲ್ಲಿ '100-240' ಅಂತ ನಡುವೆ ಗೆರೆ ಹಾಕಿ ಬರೆದಿದ್ದರೆ ಚಿಂತೆ ಬೇಡ, ಪಿನ್ ಬದಲಿಸಿ ಸೀದಾ ಹಾಕಿ. ಈಗಿನ ಸೌಂಡ್‌ಬಾರ್, ಬ್ಲೂಟೂತ್ ಸ್ಪೀಕರ್, ಲ್ಯಾಪ್‌ಟಾಪಿನ ಹಾಗೆ ಕಪ್ಪು ಇಟ್ಟಿಗೆಯಂಥ ಅಡಾಪ್ಟರ್ ಇರುವ ಸಾಮಾನುಗಳು ಬಹುಪಾಲು ಹೀಗೇ ಇರುತ್ತವೆ. '120' ಅಥವಾ '100' ಅಂತ ಒಂಟಿ ಅಂಕಿ ಇದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. '120/240' ಅಂತ ಓರೆಗೆರೆ ಹಾಕಿ ಬರೆದಿದ್ದರೆ ಹುಷಾರು. ಎರಡಕ್ಕೂ ನಡೆಯುತ್ತದೆ ನಿಜ, ಆದರೆ ತಾನಾಗಿ ಅಲ್ಲ. ಎಲ್ಲೋ ಒಂದು ಸ್ವಿಚ್ ಇರುತ್ತದೆ, ಅದನ್ನು ನೀವು ಬದಲಿಸಬೇಕು.

ಸ್ವಂತ ಆಂಪ್ಲಿಫೈಯರ್ ಇರುವ ಕೆಲವು ಸಬ್‌ವೂಫರ್‌ಗಳಲ್ಲಿ ಆ ಸ್ವಿಚ್ ಹೊರಗೆ ಕಾಣುವುದಿಲ್ಲ. ಒಳಗಿನ ಬೋರ್ಡಿನ ಮೇಲೆ ಒಂದು ಚಿಕ್ಕ ಜಂಪರ್ (ಜಾಗ ಬದಲಿಸಿ ಸಿಕ್ಕಿಸುವ ಕೊಂಡಿ) ಆಗಿರುತ್ತದೆ. ಒಂದೇ ಮಾಡೆಲ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ವೋಲ್ಟೇಜಿನಲ್ಲಿ ತಯಾರಾಗುವುದೂ ಉಂಟು. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಕ್ಕ ಮಾಡೆಲ್ ವಿವರ ನಂಬಬೇಡಿ. ನಿಮ್ಮ ಕೈಯಲ್ಲಿರುವ ಸೆಟ್ಟಿನ ಬೆನ್ನು ನೋಡಿ.

ಯಾವ ದೇಶದ್ದಕ್ಕೆ ಎಷ್ಟು ವೋಲ್ಟ್?

ಅಮೆರಿಕ, ಕೆನಡಾ: 120 ವೋಲ್ಟ್, 60 ಹರ್ಟ್ಜ್. ಬ್ರಿಟನ್, ಯುರೋಪ್: 230 ವೋಲ್ಟ್, 50 ಹರ್ಟ್ಜ್. ಹಳೆಯ ಬ್ರಿಟಿಷ್ ಸೆಟ್ಟುಗಳ ಮೇಲೆ 240, ಹಳೆಯ ಯುರೋಪಿನ ಸೆಟ್ಟುಗಳ ಮೇಲೆ 220 ಅಂತ ಇರುತ್ತದೆ.

ಜಪಾನ್ ಮಾತ್ರ ಎಲ್ಲರಿಗಿಂತ ಬೇರೆ. ಅಲ್ಲಿ 100 ವೋಲ್ಟ್. ಅದರಲ್ಲೂ ಟೋಕಿಯೊ ಇರುವ ಪೂರ್ವದಲ್ಲಿ 50 ಹರ್ಟ್ಜ್, ಒಸಾಕಾ ಇರುವ ಪಶ್ಚಿಮದಲ್ಲಿ 60. 1890ರ ದಶಕದಲ್ಲಿ ಟೋಕಿಯೊ ಜರ್ಮನಿಯ ಜನರೇಟರ್ ತರಿಸಿತು, ಒಸಾಕಾ ಅಮೆರಿಕದ್ದು ತರಿಸಿತು. ಆ ವ್ಯತ್ಯಾಸ ಇವತ್ತಿಗೂ ಹಾಗೇ ಉಳಿದಿದೆ. ಇದರಿಂದ ನಮಗೊಂದು ಲಾಭ ಇದೆ. ಜಪಾನಿನ ಒಳಗೆ ಮಾರಾಟಕ್ಕೆ ತಯಾರಾದ ಸೆಟ್ಟು ಸಾಮಾನ್ಯವಾಗಿ 50, 60 ಎರಡಕ್ಕೂ ಒಗ್ಗುತ್ತದೆ. ವೋಲ್ಟೇಜ್ ಒಂದನ್ನು ಸರಿ ಮಾಡಿಕೊಂಡರೆ ಸಾಕು.

ದುಬೈಯಿಂದ ತಂದದ್ದು ಸೀದಾ ಹಾಕಬಹುದು ಅಲ್ವಾ?

ಹೌದು. ದುಬೈ, ಕುವೈತ್ ಎರಡೂ ಕಡೆ ವೋಲ್ಟೇಜು, ಹರ್ಟ್ಜು ನಮ್ಮ ಹಾಗೇ. ಅಲ್ಲಿನ ಚಪ್ಪಟೆ ಮೂರು ಪಿನ್ನಿನ ಪ್ಲಗ್ ಕತ್ತರಿಸಿ, ಅರ್ಥ್ ವೈರ್ ಸೇರಿಸಿ ನಮ್ಮ ಮೂರು ಪಿನ್ನಿನ ಪ್ಲಗ್ ಹಾಕಿಸಿ. ಸೌದಿಯಲ್ಲಿ ಮಾತ್ರ 60 ಹರ್ಟ್ಜ್, ಹಳೆ ಕಾಲದಲ್ಲಿ 127 ವೋಲ್ಟೂ ಇತ್ತು. ಸೌದಿಯಿಂದ ಬಂದ ಹಳೆಯ ಸೆಟ್ಟಾದರೆ ಲೇಬಲ್ ನೋಡದೆ ಹಾಕಬೇಡಿ.

ಸ್ಪೀಕರಿಗೂ ಟ್ರಾನ್ಸ್‌ಫಾರ್ಮರ್ ಬೇಕಾ?

ಗೋಡೆಗೆ ಹಾಕುವ ವೈರೇ ಇಲ್ಲದ ಸ್ಪೀಕರಾದರೆ ಬೇಡ. ಅದಕ್ಕೆ ಕರೆಂಟು ಬರುವುದು ಆಂಪ್ಲಿಫೈಯರಿನಿಂದ. ಯಾವ ದೇಶದ್ದಾದರೂ ಒಂದೇ.

ಗೊತ್ತಿಲ್ಲದೆ 120ರ ಸೆಟ್ಟನ್ನು 230ಕ್ಕೆ ಹಾಕಿಬಿಟ್ಟೆ. 'ಟಪ್' ಅಂತು, ಆರಿಹೋಯ್ತು. ಹೋದಂಗೇನಾ?

ಎಷ್ಟೋ ಸಲ ಹೋಗಿರುವುದಿಲ್ಲ. ಮೊದಲು ಪ್ಲಗ್ ತೆಗೆಯಿರಿ. ಫ್ಯೂಸಿನ ಜಾಗಕ್ಕೆ ತಂತಿ ಕಟ್ಟಿ ಇನ್ನೊಂದು ಸಲ ನೋಡೋಣ ಅನ್ನಬೇಡಿ. ಉಳಿದಿದ್ದ ಸೆಟ್ಟು ಸಾಯುವುದು ಆ ಎರಡನೇ ಸಲವೇ.

ಆಗಿರುವುದು ಇಷ್ಟು. ಎರಡರಷ್ಟು ವೋಲ್ಟ್ ಬಿದ್ದಾಗ ಸೆಟ್ಟಿನ ಒಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ತಡೆಯಲಾರದೆ ಸ್ಯಾಚುರೇಟ್ ಆಗುತ್ತದೆ, ಅಂದರೆ ಇನ್ನು ಕಾಂತಶಕ್ತಿ ಹಿಡಿಯಲಾರದಷ್ಟು ತುಂಬಿಹೋಗುತ್ತದೆ. ಕರೆಂಟು ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಫ್ಯೂಸ್ ಸರಿಯಾದದ್ದಿದ್ದರೆ ಕೂಡಲೇ ಹಾರುತ್ತದೆ, ಸೆಟ್ಟು ಉಳಿಯುತ್ತದೆ. ಕೆಲವು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಸುರುಳಿಯ ಮೇಲಿನ ಹಳದಿ ಟೇಪಿನ ಅಡಿಯಲ್ಲಿ ಒಂದು ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ಕಡಿಯುವ ಫ್ಯೂಸ್) ಹುದುಗಿರುತ್ತದೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಹೊರಗಿನ ಫ್ಯೂಸ್ ಬದಲಿಸಿದರೂ ಸೆಟ್ಟು ಜೀವ ಹಿಡಿಯದಿದ್ದರೆ ಅದನ್ನು ಹುಡುಕಬೇಕು. ಟೇಪು ನಾಜೂಕಾಗಿ ಬಿಡಿಸಿ, ಅದೇ ತಾಪಮಾನದ್ದು ಹಾಕಿದರೆ ಸೆಟ್ಟು ಎದ್ದು ಕೂತದ್ದುಂಟು. 'ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಗುಜರಿಗೆ ಹಾಕಿ' ಅಂತ ಯಾರಾದರೂ ಹೇಳಿದರೆ, ಪ್ರೈಮರಿಯ (ಗೋಡೆಯ ಕರೆಂಟು ಸೇರುವ ಸುರುಳಿಯ) ಓಮ್ ಅಳೆದು, ಥರ್ಮಲ್ ಫ್ಯೂಸ್ ನೋಡಿದಿರಾ ಅಂತ ಕೇಳಿ. ಹೊಗೆ ಬಂದು, ವಾರ್ನಿಶ್ ಸುಟ್ಟ ವಾಸನೆ ಇದ್ದರೆ ಮಾತ್ರ ಆಸೆ ಕಡಿಮೆ.

## ಟ್ರಾನ್ಸ್‌ಫಾರ್ಮರ್ ಕೊಳ್ಳುವ ಮುಂಚೆ

ಅಂಗೈಯಷ್ಟಿರುವ ಟ್ರಾವೆಲ್ ಕನ್ವರ್ಟರ್ ಇದೆ, ಮೇಲೆ 1600 ವ್ಯಾಟ್ ಅಂತ ಬರೆದಿದೆ. ಅದೇ ಸಾಕಲ್ವಾ?

ದಯವಿಟ್ಟು ಅದನ್ನು ಆಡಿಯೊ ಸೆಟ್ಟಿನ ಹತ್ತಿರಕ್ಕೂ ತರಬೇಡಿ. ಅದು ಟ್ರಾನ್ಸ್‌ಫಾರ್ಮರೇ ಅಲ್ಲ. 1600 ವ್ಯಾಟಿನ ನಿಜವಾದ ಟ್ರಾನ್ಸ್‌ಫಾರ್ಮರ್ ಒಂದು ಕೈಯಲ್ಲಿ ಎತ್ತಲು ಕಷ್ಟವಾಗುವಷ್ಟು ಭಾರ ಇರುತ್ತದೆ. ಅಂಗೈಯಷ್ಟಿರುವುದು ಕರೆಂಟಿನ ಅಲೆಯನ್ನು ನಡುನಡುವೆ ಕತ್ತರಿಸಿ ಕಳಿಸುತ್ತದೆ, ಫ್ಯಾನಿನ ರೆಗ್ಯುಲೇಟರಿನ ಹಾಗೆ. ತಲೆ ಒಣಗಿಸುವ ಡ್ರೈಯರಿಗೆ, ಇಸ್ತ್ರಿಪೆಟ್ಟಿಗೆಗೆ ಸರಾಸರಿ ಶಾಖ ಸಿಕ್ಕಿದರೆ ಸಾಕು, ಅಲ್ಲಿ ನಡೆಯುತ್ತದೆ. ಆದರೆ ನಮ್ಮ 230 ವೋಲ್ಟಿನ ಅಲೆಯ ತುದಿ 325 ವೋಲ್ಟ್. ಕತ್ತರಿಸಿದ ಮೇಲೂ ಆ ತುದಿ ಬಹಳ ಮೇಲೇ ಉಳಿಯುತ್ತದೆ. ಆಂಪ್ಲಿಫೈಯರಿನಲ್ಲಿ ಕರೆಂಟನ್ನು ಹಿಡಿದಿಡುವ ಕೆಪಾಸಿಟರ್ ತುಂಬಿಕೊಳ್ಳುವುದು ಸರಾಸರಿಯನ್ನು ನೋಡಿ ಅಲ್ಲ, ತುದಿಯನ್ನು ನೋಡಿ. ಕನ್ವರ್ಟರ್ ಹಾಕಿಯೂ ಸೆಟ್ಟು ಸುಟ್ಟಿತು ಅಂತ ತಂದವರ ಚೀಲದಲ್ಲಿ ಬಹುತೇಕ ಇದೇ ಸಾಮಾನು ಇರುತ್ತದೆ.

ಎಷ್ಟು ವಿಎ ಟ್ರಾನ್ಸ್‌ಫಾರ್ಮರ್ ತಗೋಬೇಕು?

ವಿಎ ಅಂದರೆ ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್ ಎಷ್ಟು ಹೊರಬಲ್ಲದು ಅನ್ನುವ ಅಳತೆ. ಲೇಬಲ್ ಮೇಲೆ ಇರುವ ವಿದ್ಯುತ್ ಬಳಕೆಯ ಅಂಕಿಯ ಒಂದೂವರೆಯಿಂದ ಎರಡು ಪಟ್ಟು. 300 ವ್ಯಾಟ್ ಅಂತ ಇದ್ದರೆ 500 ವಿಎ ನೋಡಿ. ಸ್ಪೀಕರಿಗೆ ಕೊಡುವ ವ್ಯಾಟ್ ಬೇರೆ, ಗೋಡೆಯಿಂದ ಎಳೆಯುವ ವ್ಯಾಟ್ ಬೇರೆ, ಎರಡನ್ನೂ ಕಲೆಸಬೇಡಿ. ತಮಟೆ, ಡೊಳ್ಳಿನ ಏಟಿಗೆ ಆಂಪ್ಲಿಫೈಯರ್ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೆ ಆ ಹೊತ್ತಿಗೆ ವೋಲ್ಟೇಜ್ ಕುಸಿದು ದನಿ ಹಿಸುಕಿದಂತೆ ಆಗುತ್ತದೆ.

ವೈರಿನ ದಪ್ಪವನ್ನೂ ನೋಡಿ. ವೋಲ್ಟ್ ಅರ್ಧ ಆದಾಗ ಕರೆಂಟು ಎರಡರಷ್ಟಾಗುತ್ತದೆ. 1000 ವಿಎ ಅಂದರೆ 120ರ ಕಡೆ 8 ಆಂಪಿಯರಿಗೂ ಜಾಸ್ತಿ. ತೆಳು ವೈರು, ಸಡಿಲ ಸಾಕೆಟ್ಟು ಅಲ್ಲಿ ಕಾದು ಕರಗುತ್ತದೆ.

ಅಮೆರಿಕದ್ದು 120, ಜಪಾನಿದ್ದು 100. ಎರಡಕ್ಕೂ '110 ವೋಲ್ಟ್' ಅಂತ ಮಾರುವ ಒಂದೇ ಟ್ರಾನ್ಸ್‌ಫಾರ್ಮರ್ ಸಾಲದಾ?

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದರೆ ಎಷ್ಟೋ ಜಪಾನ್ ಸೆಟ್ಟು ಉಳಿಯುತ್ತಿದ್ದವು.

ಅಂಗಡಿಯಲ್ಲಿ 110 ಅಂತ ಮಾರುವುದರಲ್ಲಿ ಬಹುಪಾಲು 220ಕ್ಕೆ 110 ಕೊಡುವಂತೆ ಸುತ್ತಿದ್ದು. ಅಂದರೆ ಒಳಗೆ ಬಂದದ್ದರ ಅರ್ಧ ಹೊರಗೆ. 230 ಬಂದರೆ 115, 240 ಬಂದರೆ 120. ಅಮೆರಿಕದ ಸೆಟ್ಟಿಗೆ ವೋಲ್ಟಿನ ಮಟ್ಟಿಗೆ ಇದು ಚೆನ್ನಾಗಿಯೇ ಹೊಂದುತ್ತದೆ (60 ಹರ್ಟ್ಜ್ ಮಾತ್ರ ಅಂತ ಬರೆದಿದ್ದರೆ ಏನು ಮಾಡಬೇಕು ಅನ್ನುವುದು ಮುಂದೆ ಇದೆ). ಆದರೆ ಜಪಾನಿನ 100 ವೋಲ್ಟಿನ ಸೆಟ್ಟಿಗೆ 115 ಅಂದರೆ ನೂರಕ್ಕೆ 15 ಜಾಸ್ತಿ. ರಾತ್ರಿ ಗೋಡೆಯಲ್ಲಿ 250 ಇದ್ದರೆ 125, ನೂರಕ್ಕೆ 25 ಜಾಸ್ತಿ.

ಇದು ಒಳಗೆ ಏನು ಮಾಡುತ್ತದೆ ನೋಡಿ. ಆಂಪ್ಲಿಫೈಯರಿನ ದೊಡ್ಡ ಕೆಪಾಸಿಟರ್ ಮೇಲೆ 63 ವೋಲ್ಟ್ ಅಂತ ಬರೆದಿದೆ, ಸರಿಯಾದ ವೋಲ್ಟೇಜಿನಲ್ಲಿ ಅದರ ಮೇಲೆ 50 ವೋಲ್ಟ್ ನಿಲ್ಲುತ್ತದೆ ಅಂದುಕೊಳ್ಳಿ. ನೂರಕ್ಕೆ 25 ಏರಿದರೆ ಅದು 62.5. ಮಿತಿಯ ಅಂಚು. ಸೆಟ್ಟು ಅಂದೇ ಸುಡುವುದಿಲ್ಲ. ಹಾಡುತ್ತದೆ, ಚೆನ್ನಾಗಿಯೇ ಹಾಡುತ್ತದೆ. ಕೆಲವು ತಿಂಗಳಾದ ಮೇಲೆ ಕೆಪಾಸಿಟರಿನ ತಲೆ ಉಬ್ಬುತ್ತದೆ, ರೆಗ್ಯುಲೇಟರ್ ಸುತ್ತ ಬೋರ್ಡು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ 'ಇಷ್ಟು ದಿನ ಸರಿಯಾಗೇ ಇತ್ತಲ್ಲ' ಅನ್ನುತ್ತಾರೆ.

ಜಪಾನ್ ಸೆಟ್ಟಿಗೆ 230ರಿಂದ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನೇ ಕೇಳಿ ತಗೊಳ್ಳಿ. 240ರಿಂದ 100ಕ್ಕೆ ಸುತ್ತಿಸಿದರೆ ನಮ್ಮ ಕಡೆಗೆ ಇನ್ನೂ ಒಳ್ಳೆಯದು.

ಆಟೋ ಟ್ರಾನ್ಸ್‌ಫಾರ್ಮರ್ ಕಡಿಮೆ ಬೆಲೆ, ಹಗುರ. ಐಸೊಲೇಶನ್ ಅಂತ ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಒಂದೇ ಸುರುಳಿ. ಅದರ ನಡುವಿನಿಂದ ಒಂದು ವೈರು ಎಳೆದು ಕಡಿಮೆ ವೋಲ್ಟ್ ಕೊಡುತ್ತಾರೆ. ಕೆಳಗಿನ ಅರ್ಧ ಸುರುಳಿ ತುಂಡಾದರೆ ಮೇಲಿನ ಅರ್ಧದ ಮೂಲಕ ಪೂರ್ತಿ 230 ನಿಮ್ಮ ಸೆಟ್ಟಿಗೆ ನುಗ್ಗುತ್ತದೆ. ಫೇಸು, ನ್ಯೂಟ್ರಲ್ ಅದಲುಬದಲಾದ ಸಾಕೆಟ್ಟಿನಲ್ಲಿ ಹಾಕಿದರೆ ಹೊರಬರುವ ಎರಡೂ ವೈರುಗಳಲ್ಲಿ ಭೂಮಿಗೆ ಹೋಲಿಸಿದರೆ ನೂರಕ್ಕೂ ಮೇಲೆ ವೋಲ್ಟ್ ಇರುತ್ತದೆ. ಹಳ್ಳಿ ಮನೆಗಳ ವೈರಿಂಗಿನಲ್ಲಿ ಈ ಅದಲುಬದಲು ಅಪರೂಪವೇನಲ್ಲ.

ಐಸೊಲೇಶನ್ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿ ಬೇರೆ ಬೇರೆ. ತಾಮ್ರ ಜಾಸ್ತಿ, ಬೆಲೆ ಜಾಸ್ತಿ, ಭಾರ ಜಾಸ್ತಿ. ಮನೆಯಲ್ಲಿ ಮಕ್ಕಳಿದ್ದರೆ, ಸೆಟ್ಟು ಬೆಲೆಬಾಳುವುದಾಗಿದ್ದರೆ ನಾನು ಬೇರೆ ಮಾತಿಲ್ಲದೆ ಇದನ್ನೇ ಹೇಳುತ್ತೇನೆ. ಆಟೋ ತಗೊಳ್ಳಲೇಬೇಕಾದರೆ ಹೊರಬರುವ ಕಡೆ ಫ್ಯೂಸ್ ಇರಲಿ, ಅರ್ಥ್ ಪಿನ್ ಒಳಗಿನಿಂದ ಹೊರಗಿನವರೆಗೆ ಜೋಡಿಸಿದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡಿ.

ನನ್ನ ಹಳೆಯ ರಿಸೀವರಿನ ಹಿಂದೆ 110, 120, 220, 240 ಅಂತ ತಿರುಗಿಸುವ ಬಿಲ್ಲೆ ಇದೆ. ತಿರುಗಿಸಿದರೆ ಮುಗೀತಾ?

ನಿಮ್ಮ ಅದೃಷ್ಟ ಚೆನ್ನಾಗಿದೆ. ಪ್ಲಗ್ ತೆಗೆದು, 240ಕ್ಕೆ ಇಡಿ. 220ಕ್ಕೆ ಬೇಡ. ಒಂದು ಕೆಲಸ ಮಾತ್ರ ಮರೆಯಬಾರದು: ಫ್ಯೂಸ್. ವೋಲ್ಟ್ ಎರಡರಷ್ಟಾದಾಗ ಕರೆಂಟು ಅರ್ಧ ಆಗುತ್ತದೆ. 120ರಲ್ಲಿ 5 ಆಂಪಿಯರಿನ ಫ್ಯೂಸ್ ಇದ್ದರೆ ಇಲ್ಲಿಗೆ 2.5 ಆಂಪಿಯರಿನ ನಿಧಾನ ಬಗೆಯ ಫ್ಯೂಸ್. ಹಳೆಯದನ್ನೇ ಬಿಟ್ಟರೆ ಸೆಟ್ಟು ನಡೆಯುತ್ತದೆ, ಆದರೆ ಕಾಪಾಡಬೇಕಾದ ಹೊತ್ತಿಗೆ ಆ ಫ್ಯೂಸ್ ಹಾರುವುದಿಲ್ಲ. ಹಿಂದೆ ಸಾಲಾಗಿರುವ ಪ್ಲಗ್ ತೂತುಗಳಲ್ಲಿ ಬೇರೆ ಸಾಮಾನು ಸಿಕ್ಕಿಸುವ ಅಭ್ಯಾಸ ಇದ್ದರೆ, ಅಲ್ಲಿ ಈಗ ಎಷ್ಟು ವೋಲ್ಟ್ ಬರುತ್ತಿದೆ ಅಂತ ಅಳೆದು ನೋಡಿ.

## ನಮ್ಮ ಊರಿನ ಕರೆಂಟು

ನಮ್ಮ ಹಳ್ಳೀಲಿ ಒಂದು ಹೊತ್ತು 180, ಇನ್ನೊಂದು ಹೊತ್ತು 250. ಇಂಥ ಕಡೆ ಹೊರದೇಶದ ಸೆಟ್ಟು ಇಡಬಹುದಾ?

ಇಡಬಹುದು. ಆದರೆ ಮೊದಲು ಅಳೆಯಿರಿ.

1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಯ ಕರೆಂಟು ಹೇಳಿದ್ದಕ್ಕಿಂತ ನೂರಕ್ಕೆ 6ರಷ್ಟು ಮಾತ್ರ ಅತ್ತಿತ್ತ ಆಗಬಹುದು ಅಂದಿದ್ದವು. 230ಕ್ಕೆ ಲೆಕ್ಕ ಹಾಕಿದರೆ 216ರಿಂದ 244. ಪೇಟೆಯ ಒಳಗೆ ಹೆಚ್ಚಾಗಿ ಅಷ್ಟರಲ್ಲೇ ಇರುತ್ತದೆ. ತೋಟದ ಮಧ್ಯೆ, ಲೈನಿನ ಕೊನೆಯಲ್ಲಿರುವ ಮನೆಗಳ ಕಥೆ ಬೇರೆ. ನಮ್ಮದು ಕೊಳವೆಬಾವಿಯ ಜಿಲ್ಲೆ. ಸಾವಿರ ಅಡಿಗೂ ಕೆಳಗಿನಿಂದ ನೀರೆತ್ತುವ ಮೋಟರುಗಳು ತ್ರೀ ಫೇಸ್ ಬಂದ ಕೂಡಲೇ ಟೊಮೆಟೊ, ಮಾವು, ಹಿಪ್ಪುನೇರಳೆ ತೋಟಗಳಲ್ಲಿ ಒಟ್ಟಿಗೆ ಶುರುವಾಗುತ್ತವೆ. ಆಗ ವೋಲ್ಟೇಜ್ ಕುಸಿಯುತ್ತದೆ. ಅವು ನಿಂತಾಗ ಮೇಲಕ್ಕೆ ನೆಗೆಯುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಮಾಡಿದ ಊರುಗಳಲ್ಲಿ ಈ ತೊಂದರೆ ಕಡಿಮೆ. ಊರಿನಿಂದ ಹೊರಗೆ ತೋಟದ ಮನೆಯಾದರೆ ಇದ್ದೇ ಇದೆ.

ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಒಂದು ವಾರ, ಬೆಳಗ್ಗೆ, ಸಂಜೆ ದೀಪ ಹಚ್ಚುವ ಹೊತ್ತು, ರಾತ್ರಿ ಮಲಗುವ ಮುಂಚೆ ಬರೆದಿಡಿ. ಸುಮ್ನೆ ಅಂದಾಜು ಮಾಡಬೇಡಿ. ಬರೆದದ್ದರಲ್ಲಿ ಅತಿ ಮೇಲಿನ ಅಂಕಿ ಯಾವುದೋ ಅದಕ್ಕೆ ತಕ್ಕಂತೆ ಟ್ರಾನ್ಸ್‌ಫಾರ್ಮರ್ ಆರಿಸಿ, 230ಕ್ಕೆ ಅಲ್ಲ. ಕಡಿಮೆ ವೋಲ್ಟಿಗೆ ಆಂಪ್ಲಿಫೈಯರ್ ಮಂಕಾಗುತ್ತದೆ, ಸಾಮಾನ್ಯವಾಗಿ ಸಾಯುವುದಿಲ್ಲ. ಜಾಸ್ತಿ ವೋಲ್ಟಿಗೆ ಸಾಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗಾಳಿ ಮಳೆಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 400ರ ಹತ್ತಿರದವರೆಗೂ ಬರಬಹುದು. ಒಂದೇ ಬೀದಿಯಲ್ಲಿ ಒಟ್ಟಿಗೆ ಟಿವಿಗಳು ಸುಡುವುದು ಇದರಿಂದಲೇ. ಟ್ಯೂಬ್‌ಲೈಟ್ ವಿಪರೀತ ಬೆಳಗಿ, ಫ್ಯಾನು ವಿಪರೀತ ಜೋರಾಗಿ ಓಡತೊಡಗಿದರೆ ಕೂಡಲೇ ಮೈನ್ ಆರಿಸಿ. ಮೀಟರ್ ಬೋರ್ಡಿನ ಪಕ್ಕ ಓವರ್‌ವೋಲ್ಟೇಜ್ ಕಟ್ಆಫ್ ಹಾಕಿಸಿಕೊಳ್ಳಿ. ಸೆಟ್ಟಿನ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ.

ಸ್ಟೆಬಿಲೈಸರ್ ಮೊದಲಾ, ಟ್ರಾನ್ಸ್‌ಫಾರ್ಮರ್ ಮೊದಲಾ?

ಗೋಡೆ, ಸ್ಟೆಬಿಲೈಸರ್, ಟ್ರಾನ್ಸ್‌ಫಾರ್ಮರ್, ಸೆಟ್ಟು. ಈ ಕ್ರಮ. ನಮ್ಮ ಸ್ಟೆಬಿಲೈಸರ್‌ಗಳು 230ಕ್ಕೆ ಮಾಡಿದ್ದು, 110ರ ಕಡೆ ಕೂರಿಸಿದರೆ ಕೆಲಸ ಮಾಡುವುದಿಲ್ಲ. ರಿಲೇ ಬಗೆಯದು 'ಟಕ್ ಟಕ್' ಅನ್ನುತ್ತಾ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ, ಆ ಸದ್ದು ಕೆಲವೊಮ್ಮೆ ಸ್ಪೀಕರಿನಲ್ಲೂ ಕೇಳುತ್ತದೆ. ದುಡ್ಡಿದ್ದರೆ ಸರ್ವೊ ಬಗೆಯದು (ಮೋಟರಿನಿಂದ ನಯವಾಗಿ ಸರಿಹೊಂದಿಸುವಂಥದ್ದು) ಮೇಲು.

ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಓಡಿಸಿದರೆ 'ಗುಂಯ್' ಅನ್ನುತ್ತೆ. ಪರವಾಗಿಲ್ವಾ?

ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಚೌಕದ ಅಲೆಗೆ ಟ್ರಾನ್ಸ್‌ಫಾರ್ಮರ್ ಕಂಪಿಸುತ್ತದೆ, ಬಿಸಿಯಾಗುತ್ತದೆ. ಅಲೆಯ ತುದಿಯೂ 325ರ ಬದಲು 230ರ ಹತ್ತಿರವೇ ನಿಲ್ಲುವುದರಿಂದ ಆಂಪ್ಲಿಫೈಯರಿಗೆ ಒಳಗೆ ಸಿಗುವ ವೋಲ್ಟ್ ನೂರಕ್ಕೆ 30ರಷ್ಟು ಕಡಿಮೆ. ಇನ್ವರ್ಟರ್ ಲೈನಿನಿಂದ ಸೆಟ್ಟನ್ನು ಬೇರೆ ಮಾಡಿಸಿ. ಪ್ಯೂರ್ ಸೈನ್ ವೇವ್ ಇನ್ವರ್ಟರಾದರೆ ತೊಂದರೆ ಇಲ್ಲ.

ಸೆಟ್ಟಿನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತೆ.

ಅರ್ಥಿಂಗ್ ಇಲ್ಲ ಅಥವಾ ಸತ್ತಿದೆ. ಯುರೋಪಿನ ದುಂಡು ಪ್ಲಗ್ಗಿನಲ್ಲಿ ಅರ್ಥ್ ಇರುವುದು ಪಕ್ಕದ ಲೋಹದ ಪಟ್ಟಿಯಲ್ಲಿ. ನಮ್ಮ ಸಾಕೆಟ್ಟಿಗೆ ಎರಡು ಕಡ್ಡಿ ಹೊಕ್ಕರೂ ಆ ಪಟ್ಟಿ ಯಾವುದಕ್ಕೂ ತಾಗುವುದಿಲ್ಲ. ಪ್ಲಗ್ಗನ್ನೇ ಬದಲಿಸಿ.

ಪ್ಲಗ್ ಸರಿ ಇದ್ದರೂ ಜುಮ್ ಅಂದರೆ ಅರ್ಥ್ ಗುಂಡಿ ನೋಡಿ. ನಮ್ಮದು ಒಣ ನೆಲ. ಬೇಸಿಗೆಯಲ್ಲಿ ಗುಂಡಿಯ ಮಣ್ಣು ಪೂರ್ತಿ ಒಣಗಿ ಕರೆಂಟು ಭೂಮಿಗೆ ಇಳಿಯುವುದೇ ಇಲ್ಲ. ಇದ್ದಲು, ಉಪ್ಪು ಹಾಕಿಸಿ, ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಆಗಾಗ ಒಂದು ಬಿಂದಿಗೆ ನೀರು ಸುರಿಯಿರಿ. ಮೊದಲ ಪರೀಕ್ಷೆ ಇದು: ಮಲ್ಟಿಮೀಟರಿನಲ್ಲಿ ಫೇಸಿನಿಂದ ಅರ್ಥಿಗೆ, ಫೇಸಿನಿಂದ ನ್ಯೂಟ್ರಲಿಗೆ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು, ಆದರೆ ಒಂದೇ ಬಂದ ಮಾತ್ರಕ್ಕೆ ಅರ್ಥ್ ಸರಿ ಅಂತಲ್ಲ. ಬಹಳ ವ್ಯತ್ಯಾಸ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿಯವರೆಗೆ ಸೆಟ್ಟು ಹಾಕಬೇಡಿ.

## ಹರ್ಟ್ಜ್ ತರುವ ತೊಂದರೆ

ಅಮೆರಿಕದ ಟರ್ನ್‌ಟೇಬಲ್‌ಗೆ ಸರಿಯಾದ ಟ್ರಾನ್ಸ್‌ಫಾರ್ಮರ್ ಹಾಕಿದ್ದೀನಿ. ಆದರೂ ಹಾಡು ನಿಧಾನ, ಹೆಂಗಸಿನ ದನಿ ಗಂಡಸಿನ ದನಿಯಂತೆ. ಯಾಕೆ?

ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಬದಲಿಸುತ್ತದೆ, ಹರ್ಟ್ಜನ್ನು ಅಲ್ಲ. ಹಳೆಯ ಟರ್ನ್‌ಟೇಬಲ್‌ಗಳ ಎಸಿ ಸಿಂಕ್ರೊನಸ್ ಮೋಟರ್ ತಿರುಗುವುದು ಹರ್ಟ್ಜಿಗೆ ತಾಳ ಹಾಕಿಕೊಂಡು. 60ಕ್ಕೆ ಮಾಡಿದ್ದನ್ನು 50ಕ್ಕೆ ಹಾಕಿದರೆ ಆರರಲ್ಲಿ ಐದು ಪಾಲು ವೇಗ. ನಿಮಿಷಕ್ಕೆ ಮೂವತ್ತಮೂರೂ ಮೂರರಲ್ಲೊಂದು ಸುತ್ತಿನ ಜಾಗದಲ್ಲಿ 27.8 ಸುತ್ತು. ಇಪ್ಪತ್ತು ನಿಮಿಷದ ಮಗ್ಗುಲು ಇಪ್ಪತ್ತನಾಲ್ಕು ನಿಮಿಷ ಓಡುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಜಾಸ್ತಿ ಇಳಿಯುತ್ತದೆ. ಹಾರ್ಮೋನಿಯಂನಲ್ಲಿ ಬಿಳಿ ಐದಕ್ಕೆ ಹಾಡಿದ್ದು ಬಿಳಿ ಮೂರರ ಹತ್ತಿರ ಬರುತ್ತದೆ.

ಪರಿಹಾರ ಮೋಟರಿನ ತುದಿಯ ಪುಲ್ಲಿಯಲ್ಲಿದೆ. 50 ಹರ್ಟ್ಜಿನ ಪುಲ್ಲಿ 60ರದ್ದಕ್ಕಿಂತ 1.2 ಪಟ್ಟು ದಪ್ಪ. ಗ್ಯಾರಾರ್ಡ್ 301, 401ರಂಥ ಹೆಸರಾಂತ ಟರ್ನ್‌ಟೇಬಲ್‌ಗಳಿಗೆ ಎರಡೂ ಬಗೆಯ ಪುಲ್ಲಿ ಸಿಗುತ್ತದೆ. ಸಿಗದಿದ್ದರೆ ಒಳ್ಳೆಯ ಲೇತ್ ಕೆಲಸಗಾರರಿಂದ ಹಿತ್ತಾಳೆಯಲ್ಲಿ ಮಾಡಿಸಬಹುದು. ಆದರೆ ಕೂದಲೆಳೆಯಷ್ಟು ಓರೆ ಇದ್ದರೂ ಸ್ವರ ನಡುಗುತ್ತದೆ, ಅದಕ್ಕೇ ಕೆಲಸಗಾರರನ್ನು ನೋಡಿ ಆರಿಸಿ.

ಡಿಸಿ ಮೋಟರಿನವು, ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ನಂಥ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್‌ಗಳು ಹರ್ಟ್ಜನ್ನು ನೋಡುವುದೇ ಇಲ್ಲ. ಅವಕ್ಕೆ ವೋಲ್ಟ್ ಸರಿಯಿದ್ದರೆ ಸಾಕು.

ವೇಗ ಪರೀಕ್ಷೆಗೆ ಸ್ಟ್ರೋಬ್ ಡಿಸ್ಕ್ (ದೀಪದ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ ಅಂತ ತೋರಿಸುವ ಬಿಲ್ಲೆ) ಬಳಸುವವರು 50 ಹರ್ಟ್ಜಿನ ಸಾಲನ್ನೇ ನೋಡಬೇಕು. ಎಲ್‌ಪಿ ವೇಗಕ್ಕೆ ನಮ್ಮ ಸಾಲಿನಲ್ಲಿ 180 ಗೆರೆ, ಅಮೆರಿಕದ ಸಾಲಿನಲ್ಲಿ 216. ತಪ್ಪು ಸಾಲು ನೋಡಿ ಸರಿಯಾದ ಟರ್ನ್‌ಟೇಬಲ್ಲನ್ನು ಕೆಡಿಸಿಕೊಂಡವರಿದ್ದಾರೆ.

ಸ್ಪೂಲ್ ಟೇಪ್ ರೆಕಾರ್ಡರ್‌ಗಳಿಗೂ ಇದೇ ಮಾತು. ಅಲ್ಲಿ ಕ್ಯಾಪ್ಸ್ಟನ್ (ಟೇಪನ್ನು ಎಳೆಯುವ ಕಡ್ಡಿ) ಮೇಲಿನ ಕೊಳವೆ ಮತ್ತು ಮೋಟರಿನ ಕೆಪಾಸಿಟರ್ ಎರಡೂ ಬದಲಾಗಬೇಕು. ಕ್ಯಾಸೆಟ್ ಡೆಕ್‌ಗಳಲ್ಲಿ ಬಹುಪಾಲು ಡಿಸಿ ಮೋಟರ್, ಚಿಂತೆ ಇಲ್ಲ.

ಲೇಬಲ್ ಮೇಲೆ '120 ವೋಲ್ಟ್ 60 ಹರ್ಟ್ಜ್' ಮಾತ್ರ ಇದೆ. ಮೋಟರ್ ಇಲ್ಲದ ಆಂಪ್ಲಿಫೈಯರ್. 50ರಲ್ಲಿ ನಡೆಯುತ್ತಾ?

ನಡೆಯುತ್ತದೆ, ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಹರ್ಟ್ಜ್ ಕಡಿಮೆಯಾದಾಗ ಅದೇ ವೋಲ್ಟಿಗೆ ಕಬ್ಬಿಣದಲ್ಲಿ ಕಾಂತಶಕ್ತಿ ನೂರಕ್ಕೆ 20 ಜಾಸ್ತಿ ತುಂಬುತ್ತದೆ. ಕಬ್ಬಿಣದಲ್ಲಿ ಕಂಜೂಸಿ ಮಾಡಿದ ಟ್ರಾನ್ಸ್‌ಫಾರ್ಮರಾದರೆ ಗುಂಯ್‌ಗುಡುತ್ತದೆ. ವೋಲ್ಟನ್ನು ಹರ್ಟ್ಜಿನಿಂದ ಭಾಗಿಸಿ ನೋಡಿ: ಅಲ್ಲಿ 120ಕ್ಕೆ 60, ಅಂದರೆ 2. ಇಲ್ಲಿ 50ಕ್ಕೆ ಅದೇ 2 ಬರಬೇಕಾದರೆ 100 ವೋಲ್ಟ್. ಹಾಗಾಗಿ ಇಂಥ ಸೆಟ್ಟಿಗೆ 120 ಪೂರ್ತಿ ಕೊಡದೆ 105ರಿಂದ 110ರ ಒಳಗೆ ಇಡಿ. ಒಂದು ಗಂಟೆ ಓಡಿಸಿ ಆರಿಸಿದ ಮೇಲೆ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಇನ್ನೂ ಇಳಿಸಬೇಕು.

ಟ್ಯೂನರ್‌ನಲ್ಲಿ ಆಕಾಶವಾಣಿ ಸಿಗ್ತಾ ಇಲ್ಲ. ಕರೆಂಟಿನ ತೊಂದರೆನಾ?

ಕರೆಂಟಿನದ್ದಲ್ಲ, ದೇಶದ್ದು. ಹಳೆಯ ಜಪಾನ್ ಟ್ಯೂನರ್‌ಗಳ ಎಫ್‌ಎಂ 76ರಿಂದ 90 ಮೆಗಾಹರ್ಟ್ಜ್ ಮಾತ್ರ. ಬೆಂಗಳೂರಿನ 101.3ರ ರೇನ್‌ಬೋ, 102.9ರ ವಿವಿಧ ಭಾರತಿ ಅದರ ಅಳತೆಪಟ್ಟಿಯಲ್ಲೇ ಇಲ್ಲ. ಅಮೆರಿಕದ ಡಿಜಿಟಲ್ ಟ್ಯೂನರ್‌ಗಳಲ್ಲಿ ಎಫ್‌ಎಂ ಸಿಗುತ್ತದೆ, ಮೀಡಿಯಂ ವೇವ್ ಕೈಕೊಡುತ್ತದೆ. ಅಲ್ಲಿ 10 ಕಿಲೋಹರ್ಟ್ಜ್ ಹೆಜ್ಜೆ, ನಮ್ಮಲ್ಲಿ 9. ಬೆಂಗಳೂರು ಆಕಾಶವಾಣಿ 612ರಲ್ಲಿದೆ. ಅಮೆರಿಕದ ಟ್ಯೂನರ್ 610ಕ್ಕೆ ನಿಲ್ಲುತ್ತದೆ, ಇಲ್ಲವೇ 620ಕ್ಕೆ ಹಾರುತ್ತದೆ. ಹಿಂದೆ ಅಥವಾ ಅಡಿಯಲ್ಲಿ 9/10 ಸ್ವಿಚ್ ಇದೆಯಾ ಹುಡುಕಿ. ಅದರ ಜೊತೆಗೆ 75 ಮತ್ತು 50 ಮೈಕ್ರೊಸೆಕೆಂಡಿನ ಡಿ-ಎಂಫಸಿಸ್ (ಎಫ್‌ಎಂನ ಕೀರಲು ದನಿಯನ್ನು ತಗ್ಗಿಸುವ) ಸ್ವಿಚ್ ಇದ್ದರೆ 50ಕ್ಕೆ ಇಡಿ, ಎಫ್‌ಎಂನ ಮಂಕು ಹೋಗಿ ತಾಳದ ದನಿ ತಿಳಿಯಾಗುತ್ತದೆ.

## ಒಳಗೆ ಕೈ ಹಾಕುವವರಿಗೆ

ಒಳಗಿನ ವೈರ್ ಬದಲಿಸಿ 230ಕ್ಕೆ ಮಾಡಬಹುದು ಅಂತಾರೆ. ನಿಜಾನಾ?

ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಪ್ರೈಮರಿ ಸುರುಳಿ ಇದ್ದರೆ ನಿಜ. 120ಕ್ಕೆ ಎರಡನ್ನೂ ಪ್ಯಾರಲಲ್ (ಅಕ್ಕಪಕ್ಕ) ಜೋಡಿಸಿರುತ್ತಾರೆ. ಸೀರೀಸ್ (ಒಂದರ ಹಿಂದೆ ಒಂದು) ಮಾಡಿದರೆ 240. ಸರ್ವಿಸ್ ಮ್ಯಾನ್ಯುಯಲ್ ಇಲ್ಲದೆ ಬಣ್ಣ ನೋಡಿ ಊಹಿಸಬೇಡಿ. ಒಂದು ಸುರುಳಿಯ ತಲೆ ಬಾಲ ತಿರುಗುಮುರುಗಾದರೆ ಎರಡೂ ಒಂದನ್ನೊಂದು ಹೊಡೆದುಹಾಕಿ ಶಾರ್ಟ್ ಆದಂತೆಯೇ.

ಬದಲಿಸಿದ ಮೇಲೆ ಸೀದಾ ಗೋಡೆಗೆ ಹಾಕಬಾರದು. ಸೆಟ್ಟಿನ ಜೊತೆ ಸೀರೀಸ್‌ನಲ್ಲಿ ಒಂದು 100 ವ್ಯಾಟಿನ ಹಳೆ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಂದು ಕ್ಷಣ ಹೊಳೆದು, ಕೆಂಪಗೆ ಮಂಕಾದರೆ ಕೆಪಾಸಿಟರ್ ತುಂಬಿಕೊಂಡಿತು, ಎಲ್ಲಾ ಸರಿ. ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ. ಶಾರ್ಟ್ ಆಗಿದ್ದರೂ ಬಲ್ಬ್ ಆ ಕರೆಂಟನ್ನು ತಡೆದುಕೊಳ್ಳುತ್ತದೆ, ಸೆಟ್ಟು ಸಾಮಾನ್ಯವಾಗಿ ಉಳಿಯುತ್ತದೆ. ಆರಿಸಿದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟು ನಿಂತಿರುತ್ತದೆ. ಅಳೆಯದೆ ಬೆರಳು ಇಡಬೇಡಿ.

ನಮ್ಮೂರ ಮೋಟರ್ ರೀವೈಂಡಿಂಗ್ ಅಂಗಡೀಲಿ 100 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸುತ್ತಿಸಬಹುದಾ?

ಬೋರ್‌ವೆಲ್ ಮೋಟರ್ ಸುತ್ತುವವರ ಕೈ ಬಹಳ ಪಳಗಿದ ಕೈ. ಆದರೆ ಟ್ರಾನ್ಸ್‌ಫಾರ್ಮರಿನ ಲೆಕ್ಕ ಬೇರೆ, ಕೋರಿನ ತಗಡೂ ಬೇರೆ. ಸ್ಟೆಬಿಲೈಸರ್ ಟ್ರಾನ್ಸ್‌ಫಾರ್ಮರ್ ಸುತ್ತಿ ಅಭ್ಯಾಸ ಇರುವವರಾದರೆ ಮಾಡಿಸಿ. ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬರುವುದು ಒಂದು ದಿನದ ಕೆಲಸ. ಹೇಳಬೇಕಾದದ್ದು: ಪ್ರೈಮರಿಗೆ 230 ಮತ್ತು 250ರ ಎರಡು ಟ್ಯಾಪ್ (ಸುರುಳಿಯಿಂದ ಹೊರಗೆಳೆದ ವೈರು), ಸೆಕೆಂಡರಿ (ಸೆಟ್ಟಿಗೆ ಕರೆಂಟು ಕೊಡುವ ಕಡೆ) ಬೇರೆ ಸುರುಳಿ, ಎರಡರ ನಡುವೆ ತಾಮ್ರದ ತಗಡಿನ ಶೀಲ್ಡ್, ಅದು ಅರ್ಥಿಗೆ. ಅಲ್ಯೂಮಿನಿಯಂ ತಂತಿ ಬೇಡ ಅಂತ ಬಾಯಿಬಿಟ್ಟು ಹೇಳಿ.

ಕೆಜಿಎಫ್‌ನ ತಾತನ ಮನೇಲಿ ಹಳೆ ವಾಲ್ವ್ ರೇಡಿಯೊ ಸಿಕ್ಕಿದೆ. ಹಾಕಿ ನೋಡಲಾ?

ಈಗಲೇ ಬೇಡ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಕಂಡ ಊರು ಕೆಜಿಎಫ್. ಅಲ್ಲಿನ ಮನೆಗಳ ಅಟ್ಟದಲ್ಲಿ ಈಗಲೂ ಒಳ್ಳೊಳ್ಳೆಯ ವಿದೇಶಿ ರೇಡಿಯೊ ಸಿಗುತ್ತವೆ. ಬ್ರಿಟಿಷ್ ಸೆಟ್ಟಾದರೆ ಒಳಗೆ 200ರಿಂದ 250ರವರೆಗೆ ಟ್ಯಾಪ್ ಇರುತ್ತದೆ, 250ಕ್ಕೆ ಇಡಿ.

ಎಸಿ-ಡಿಸಿ ಬಗೆಯ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. ಅಮೆರಿಕದ ಐದು ವಾಲ್ವಿನ ಸೆಟ್ಟುಗಳಲ್ಲಿ ವಾಲ್ವುಗಳ ಹೀಟರನ್ನೇ ಒಂದರ ಹಿಂದೆ ಒಂದು ಪೋಣಿಸಿ 120 ವೋಲ್ಟ್ ಮಾಡಿಕೊಂಡಿರುತ್ತಾರೆ. ಅವುಗಳ ಲೋಹದ ಚಾಸಿಗೆ ಗೋಡೆಯ ಕರೆಂಟು ನೇರವಾಗಿ ಸೇರಿರುತ್ತದೆ. ಗುಂಡಿ ಕಳಚಿಹೋಗಿ ಬರಿ ಕಡ್ಡಿ ಕಾಣುತ್ತಿದ್ದರೆ, ಆ ಕಡ್ಡಿ ಮುಟ್ಟಿದವರ ಜೀವಕ್ಕೇ ಅಪಾಯ. ಇದಕ್ಕೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಲೇಬಾರದು, ಆಟೋ ಟ್ರಾನ್ಸ್‌ಫಾರ್ಮರ್ ಇಲ್ಲಿ ಪೂರ್ತಿ ನಿಷಿದ್ಧ. ಹಳೆಯ ಪೇಪರ್ ಕೆಪಾಸಿಟರ್‌ಗಳನ್ನು ಮೊದಲೇ ಬದಲಿಸಿ, ಆಮೇಲೆ ಸೀರೀಸ್ ಬಲ್ಬಿನ ಮೂಲಕ ಎಬ್ಬಿಸಿ.

ಇಲ್ಲಿನ ಆಂಪ್ಲಿಫೈಯರನ್ನು ಮಗಳ ಜೊತೆ ಅಮೆರಿಕಕ್ಕೆ ಕಳಿಸಿದರೆ?

120ರಿಂದ 230ಕ್ಕೆ ಏರಿಸುವ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಅಲ್ಲೇ ಸಿಗುತ್ತದೆ, ಇಲ್ಲಿಂದ ಹೊರುವುದು ಬೇಡ. 50ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರಿಗೆ 60 ಹರ್ಟ್ಜ್ ಇನ್ನೂ ಹಗುರ. ಟರ್ನ್‌ಟೇಬಲ್ಲನ್ನೂ ಕಳಿಸುತ್ತಿದ್ದರೆ ಮೋಟರ್ ಯಾವ ಬಗೆಯದು ಅಂತ ನೋಡಿಯೇ ಕಳಿಸಿ. ಸಿಂಕ್ರೊನಸ್ ಮೋಟರಾದರೆ ಅಲ್ಲಿ ಅದು ನೂರಕ್ಕೆ 20 ಜೋರಾಗಿ ಓಡುತ್ತದೆ, 60ರ ಪುಲ್ಲಿ ಬೇಕಾಗುತ್ತದೆ.